ಚಪ್ಪಲಿ ಹೊರಗೆ ಬಿಡುವ ಊಟದ ಕೋಣೆ

ನನ್ನ ಕಾಲಿನ ಬಗ್ಗೆ ನನಗೇ ತಪ್ಪು ತಿಳುವಳಿಕೆ ಇತ್ತು ಎಂದರೆ ಜನ ನಗುತ್ತಾರೆ. ನಗಲಿ. ಎಪ್ಪತ್ತು ದಾಟಿದವರು ನಾಲ್ಕು ಜನರನ್ನು ನಗಿಸಿದರೆ ನಷ್ಟ ಏನಿಲ್ಲ. ಆದರೆ ಹೋದ ವರ್ಷ ಆ ತಪ್ಪು ತಿಳುವಳಿಕೆಯನ್ನು ನಂಬಿ ನನ್ನನ್ನು ಮೇಲಿನ ಮಹಡಿಗೆ ಹಾಕಲು ಎಲ್ಲರೂ ಸಿದ್ಧರಾದಾಗ ನನಗೇನೂ ನಗು ಬಂದಿರಲಿಲ್ಲ.

ನಾನು ಇರುವುದು ಕಾಪುವಿನಿಂದ ಸ್ವಲ್ಪ ಒಳಗೆ, ಎಲ್ಲೂರಿಗೆ ಹೋಗುವ ದಾರಿಯಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ. ಪೆರ್ಡೂರಿನ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮದುವೆ ಆಗಲಿಲ್ಲ, ಅದಕ್ಕೊಂದು ಕಥೆ ಇರಬೇಕೆಂದು ಯಾರೂ ಹುಡುಕುವುದು ಬೇಡ. ನಿವೃತ್ತಿಯಾದ ಮೇಲೆ ಮಣಿಪಾಲದಲ್ಲಿ ಕೆಲಸದಲ್ಲಿರುವ ತಂಗಿಯ ಮಗಳ ಜೊತೆ ಅವಳ ಫ್ಲ್ಯಾಟಿನಲ್ಲಿದ್ದೆ. ಒಂದು ಕಣ್ಣು ಪೊರೆ ತೆಗೆಸಿದ್ದು, ಇನ್ನೊಂದರಲ್ಲಿ ಮಂಜು. ಅವಳು ಆಫೀಸಿಗೆ ಹೋದಾಗ ನಾನೊಬ್ಬಳೇ ಬಾತ್‌ರೂಮಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ದಿನ ನಾನೇ ಹೇಳಿದೆ, "ನೋಡು, ನೀನು ಆಫೀಸಿನಲ್ಲಿ ಕೂತು ನನ್ನನ್ನು ನೆನೆದು ಹೆದರುವುದು ಬೇಡ. ಜನ ಇರುವ ಕಡೆ ನನ್ನನ್ನು ಬಿಡು." ಅವಳು ಅತ್ತಳು, ನಾನು ಗದರಿದೆ, ಆಮೇಲೆ ಇಬ್ಬರೂ ಸೇರಿ ಈ ಜಾಗ ನೋಡಲು ಬಂದೆವು. ಅಂಗಳದಲ್ಲಿ ನೆರಳಿತ್ತು, ಅಡುಗೆಮನೆಯಿಂದ ಕೊದ್ದೆಲಿನ, ಅಂದರೆ ನಮ್ಮ ಕಡೆಯ ಹುಳಿಯ, ಪರಿಮಳ ಬರುತ್ತಿತ್ತು. ಸಾಕು ಎಂದೆ.

ಮನೆ ಎರಡು ಅಂತಸ್ತಿನದು. ಕೆಳಗೆ ನಡೆಯುವವರು, ಮೇಲೆ ಮಲಗಿದವರು. ಮೇಲಿನವರ ಮಂಚಕ್ಕೆ ಎರಡೂ ಕಡೆ ಕಂಬಿ, ಹಗಲು ರಾತ್ರಿ ಡೈಪರ್, ಊಟ ಅಲ್ಲಿಗೇ ಬರುತ್ತದೆ. ನೋಡಿಕೊಳ್ಳುವುದರಲ್ಲಿ ಒಂದು ಚೂರೂ ಕಡಿಮೆ ಇಲ್ಲ, ಅದನ್ನು ನಾನು ದೇವರ ಮುಂದೆಯೂ ಹೇಳುತ್ತೇನೆ. ಆದರೆ ಒಮ್ಮೆ ಅಲ್ಲಿಗೆ ಹೋದವರು ತಿರುಗಿ ಕೆಳಗೆ ಇಳಿದದ್ದನ್ನು ನಾನು ಕಂಡಿಲ್ಲ. ನಡೆಯುವುದನ್ನು ಬಿಟ್ಟ ಕಾಲು ಬೇಗ ಮರೆಯುತ್ತದೆ.

ಕೆಳಗಿನ ನನ್ನ ಕೋಣೆಯಲ್ಲಿ ನನ್ನ ಜೊತೆ ಇರುವವರು ಹೂಡೆಯ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು. ಮನೆಯವರೆಲ್ಲ ಅವರನ್ನು ಉಮ್ಮ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ. ಮಕ್ಕಳೆಲ್ಲ ಗಲ್ಫಿನಲ್ಲಿ, ಸೊಸೆಯಂದಿರು ಸರದಿಯ ಮೇಲೆ ಬರುತ್ತಾರೆ, ಬರುವಾಗ ಡಬ್ಬಿಯಲ್ಲಿ ಮೀನು. ನಮ್ಮ ಅಡುಗೆ ಭಟ್ಟರದ್ದಾದ್ದರಿಂದ ಆ ಡಬ್ಬಿ ಹಿಂದಿನ ಜಗಲಿಯಲ್ಲಿ ತೆರೆಯುತ್ತದೆ, ಭಟ್ಟರು ಆ ಹೊತ್ತಿಗೆ ಸರಿಯಾಗಿ ಬಾವಿಯ ಕಡೆ ಏನೋ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಉಮ್ಮನ ಕಾಲು ಗಟ್ಟಿ, ಆದರೆ ಕೈ ನಡುಗುತ್ತದೆ. ಚಾ ಲೋಟ ಹಿಡಿದರೆ ಅರ್ಧ ಸೀರೆಗೆ. ನನಗೆ ಕೈ ಗಟ್ಟಿ. ಹಾಗಾಗಿ ಲೋಟ ಹಿಡಿದುಕೊಡುವುದು, ಜಡೆ ಹಾಕುವುದು, ಮಾತ್ರೆಯ ಪಟ್ಟಿ ಒಡೆಯುವುದು ನನ್ನ ಪಾಲಿಗೆ. ಉದ್ದದ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಡೆಸುವುದು ಅವರ ಪಾಲಿಗೆ. "ನಾವಿಬ್ಬರೂ ಸೇರಿದರೆ ಒಂದು ಸರಿಯಾದ ಹೆಂಗಸು ಆಗ್ತದೆ ಟೀಚರೇ," ಎಂದು ಅವರು ನಗುತ್ತಿದ್ದರು.

ಬಂದ ಹೊಸತರಲ್ಲಿ ನನಗೆ ಯಾರ ತೋಳೂ ಬೇಕಿರಲಿಲ್ಲ ಎನ್ನುವುದನ್ನು ನಾನೇ ಮರೆತುಬಿಟ್ಟಿದ್ದೆ.

ನಾನು ಬಂದು ಕೆಲವು ದಿನಗಳಲ್ಲೇ ಕಾರಿಡಾರಿನಲ್ಲಿ ಒಬ್ಬ ಯಜಮಾನರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೆಲ ಹೊಳೆಯುವ ಟೈಲ್ಸ್. ಮನೆ ನಡೆಸುವ ಮೇಡಂ ಬಹಳ ವರ್ಷ ಗಲ್ಫಿನಲ್ಲಿ ನರ್ಸ್ ಆಗಿದ್ದವರು, ಯಾರಾದರೂ ಬಿದ್ದರೆ ತಾನೇ ಬಿದ್ದಂತೆ ನೋಯುವ ಹೆಂಗಸು. ಮರುದಿನವೇ ಉಡುಪಿಗೆ ಹೋಗಿ ಎಲ್ಲರಿಗೂ ನೀಲಿ ರಬ್ಬರ್ ಚಪ್ಪಲಿ ತಂದರು. ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಚಪ್ಪಲಿಯ ಮೇಲೆಯೇ ಇಡಬೇಕು ಎಂದು ನಿಯಮ. ಸರಿಯಾದ ನಿಯಮವೇ. ಜೀವಮಾನವಿಡೀ ಮಕ್ಕಳಿಗೆ ನಿಯಮ ಹೇಳಿದವಳು ನಾನು ಮುರಿಯುವುದು ಹೇಗೆ? ಹಾಕಿಕೊಂಡೆ.

ಈಗ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಸೂರಿನ ಕೆಳಗೆ ಚಪ್ಪಲಿ ಹಾಕಿದ ಅಭ್ಯಾಸ ನಮಗಿಲ್ಲ. ರಸ್ತೆಗೆ, ಬಸ್ಸಿಗೆ ಹಾಕುತ್ತೇವೆ. ಮೆಟ್ಟಿಲು ಬಂತೆಂದರೆ ಬಿಡುತ್ತೇವೆ. ನನ್ನ ಶಾಲೆಯಲ್ಲಿ ಮಕ್ಕಳ ಚಪ್ಪಲಿ ಜಗಲಿಯಲ್ಲಿ ಸಾಲಾಗಿ ಇರುತ್ತಿತ್ತು, ಆ ಸಾಲಿನ ತುದಿಯಲ್ಲಿ ನನ್ನದು. ಬರಿಗಾಲಲ್ಲೇ ಪಾಠ, ಬರಿಗಾಲಲ್ಲೇ ಪರೀಕ್ಷೆಯ ಕಾವಲು. ಕಣ್ಣು ಮಂಜಾದ ಮೇಲಂತೂ ಮನೆಯ ನೆಲವನ್ನು ನಾನು ಅಂಗಾಲಿನಿಂದಲೇ ನೋಡುತ್ತಿದ್ದೆ. ಇಲ್ಲಿ ಹೊಸ್ತಿಲು, ಇಲ್ಲಿ ಚಾಪೆಯ ಅಂಚು, ಇಲ್ಲಿ ಒದ್ದೆ ಎಂದು ಕಾಲಿಗೇ ತಿಳಿಯುತ್ತಿತ್ತು. ಆ ಅಂಗಾಲಿನ ಕೆಳಗೆ ಒಂದು ಬೆರಳು ದಪ್ಪದ ರಬ್ಬರ್ ಬಂದಾಗ ನನಗೆ ಏನಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಚಪ್ಪಲಿ ಕಳಚಬಾರದೆಂದು ಬೆರಳುಗಳನ್ನು ಬಿಗಿ ಹಿಡಿದೆ. ಕಾಲು ಎತ್ತುವುದು ಬಿಟ್ಟು ಎಳೆಯತೊಡಗಿದೆ. ಮೊದಲು ಗೋಡೆ ಹಿಡಿದೆ, ಆಮೇಲೆ ಉಮ್ಮನ ತೋಳು ಹಿಡಿದೆ. ವಯಸ್ಸಾಯಿತು, ಕಾಲು ಹೋಯಿತು ಎಂದುಕೊಂಡೆ. ನೋಡಿದವರೂ ಹಾಗೆಯೇ ಅಂದುಕೊಂಡರು. ವಯಸ್ಸೆಂದರೆ ಬಹಳ ಅನುಕೂಲದ ಕಾರಣ, ಏನೇ ತಪ್ಪಿದರೂ ಅದರ ತಲೆಗೆ ಕಟ್ಟಬಹುದು.

ಕೆಲವು ತಿಂಗಳಿಗೊಮ್ಮೆ ಮಣಿಪಾಲದಿಂದ ಒಬ್ಬ ಫಿಸಿಯೋ ಹುಡುಗಿ ಬಂದು ನಮ್ಮನ್ನೆಲ್ಲ ಪರೀಕ್ಷೆ ಮಾಡಿ ಹೋಗುವ ಕ್ರಮ ಉಂಟು. ಕಾರ್ಕಳದ ಹುಡುಗಿ, ಸ್ಕೂಟರಿನಲ್ಲಿ ಬರುತ್ತಾಳೆ. ಯಾರು ಎಷ್ಟು ನಡೆಯುತ್ತಾರೆ, ಯಾರಿಗೆ ನೆನಪು ಹೇಗಿದೆ, ಯಾರಿಗೆ ಯಾವ ಸಹಾಯ ಬೇಕು ಎಂದು ಅವಳು ಹೇಳಿದ ಮೇಲೆಯೇ ಮೇಡಂ ವ್ಯವಸ್ಥೆ ಮಾಡುವುದು. ಹೋದ ವರ್ಷ ಮಳೆ ಬಿಟ್ಟ ಮೇಲೆ ಅವಳು ಬಂದಳು.

ನೆನಪಿನ ಪರೀಕ್ಷೆಯಲ್ಲಿ ನಾನು ಅವಳನ್ನೇ ಸುಸ್ತು ಮಾಡಿದೆ. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತೇನೆ ಎಂದಳು. ನಾನು ಮೂರನ್ನೂ ಹೇಳಿ, "ಈ ಮೂರೇ ಪದ ನೀನು ಹೋದ ಸಲವೂ ಉಮ್ಮನಿಗೆ ಕೇಳಿದ್ದೆ, ಪ್ರಶ್ನೆಪತ್ರಿಕೆ ಬದಲಿಸು ಮಾರಾಯ್ತಿ," ಎಂದೆ. ಅವಳು ಬಾಯಿಗೆ ಕೈ ಇಟ್ಟು ನಕ್ಕಳು.

ನಡಿಗೆಗೆ ಬಂದಾಗ ನಗು ನಿಂತಿತು. ಕುರ್ಚಿಯಿಂದ ಎದ್ದು, ಕಾರಿಡಾರಿನಲ್ಲಿ ಅವಳು ಅಂಟಿಸಿದ ಪಟ್ಟಿಯ ತನಕ ನಡೆದು, ತಿರುಗಿ ಬಂದು ಕೂರಬೇಕು. ಅಷ್ಟೇ. ಅವಳು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಳು. ಎದ್ದೆ, ಎಳೆದೆ, ಗೋಡೆಗೆ ಕೈ ಹೋಯಿತು. "ಗೋಡೆ ಹಿಡಿಯದೆ ನೋಡೋಣ ಅಮ್ಮ," ಎಂದಳು. ಪಟ್ಟಿಯ ಹತ್ತಿರ ತಿರುಗುವಾಗ ಚಪ್ಪಲಿಗೆ ಚಪ್ಪಲಿ ಸಿಕ್ಕಿ ನಾನು ವಾಲಿದೆ. ಅವಳು ಓಡಿ ಬಂದು ಹಿಡಿದುಕೊಂಡಳು. ಇನ್ನೊಮ್ಮೆ ಮಾಡಿಸಿದಳು, ಹಾಗೆಯೇ ಆಯಿತು.

ಸುಳ್ಳು ಸಮಾಧಾನ ಹೇಳುವ ಹುಡುಗಿ ಅಲ್ಲ ಅವಳು. ನನ್ನ ಎದುರೇ ಮೇಡಂಗೆ ಹೇಳಿದಳು. ಹೋದ ಸಲಕ್ಕಿಂತ ನಡಿಗೆ ತುಂಬ ಇಳಿದಿದೆ, ಒಬ್ಬರೇ ನಡೆದರೆ ಖಂಡಿತ ಬೀಳುತ್ತಾರೆ, ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಕಷ್ಟ. ಮೇಡಂ ನನ್ನ ಕೈ ಹಿಡಿದುಕೊಂಡು, "ಟೀಚರ್, ಮೇಲೆ ಕಿಟಕಿಯ ಹತ್ತಿರದ ಮಂಚ ಖಾಲಿ ಉಂಟು, ಗಾಳಿ ಒಳ್ಳೆಯದು ಬರ್ತದೆ," ಎಂದರು. ತಂಗಿಯ ಮಗಳಿಗೆ ಫೋನ್ ಹೋಯಿತು. ಅವಳು ಸಂಜೆ ಬಂದು ಒಪ್ಪಿಗೆ ಕೊಡುತ್ತೇನೆ ಎಂದಳಂತೆ. ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುವವರು. ಅಂಥ ಕಡೆ ಸಿಟ್ಟಿಗೆ ಜಾಗವೇ ಸಿಗುವುದಿಲ್ಲ.

ನನಗೆ ಹೆದರಿಕೆಯಾಯಿತು. ಬಿಚ್ಚಿ ಹೇಳುವುದಾದರೆ, ಮಂಚದ ಕಂಬಿ ಮತ್ತು ಡೈಪರ್ ನೆನೆದು ಅಳು ಬಂತು. ಉಮ್ಮ ಬಂದು ಪಕ್ಕ ಕೂತರು. ಅವರ ಲೋಟ ಹಿಡಿಯಲು ಯಾರನ್ನಾದರೂ ಇಡುತ್ತಾರೆ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಇಬ್ಬರೂ ಅದನ್ನೇ ಯೋಚಿಸುತ್ತಿದ್ದೆವು.

ಹುಡುಗಿ ಚೀಲ ಹೆಗಲಿಗೆ ಹಾಕಿ ಹೊರಟಿದ್ದಳು. ಊಟದ ಕೋಣೆಯ ಬಾಗಿಲಲ್ಲಿ ಭಟ್ಟರು ಅಡ್ಡ ನಿಂತರು. "ಊಟದ ಹೊತ್ತಿಗೆ ಬಂದವರು ಊಟ ಮಾಡದೆ ಹೋಗುವುದುಂಟಾ? ಎಂತ, ನಮ್ಮ ಅಡುಗೆ ಆಗುವುದಿಲ್ವಾ?" ಅವಳು ಕಾರ್ಕಳದವಳು, ಇಂಥ ಮಾತಿಗೆ ಎದುರಾಡಲು ಅವಳಿಗೂ ಬರುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೊನೆಯ ಮೇಜಿನಲ್ಲಿ ಕೂತಳು.

ಚಪ್ಪಲಿ ಹೊರಗೆ ಬಿಟ್ಟು ಎಂದೆ. ಭಟ್ಟರ ಒಂದೇ ಹಟ ಅದು. ಮನೆಗೆಲ್ಲ ಮೇಡಂ ನಿಯಮ ಇರಲಿ, ಅನ್ನ ಬಡಿಸುವ ಜಾಗಕ್ಕೆ ಚಪ್ಪಲಿ ಬಂದರೆ ತಾನು ಸೌಟು ಕೆಳಗಿಟ್ಟು ಊರಿಗೆ ಹೋಗುತ್ತೇನೆ ಎಂದಿದ್ದರು. ಭಟ್ಟರ ಸಾರು ಊರಿಗೆ ಹೋಗುವುದು ಯಾರಿಗೂ ಬೇಕಿರಲಿಲ್ಲ. ಮೇಡಂ ಒಪ್ಪಿ, ಆ ಕೋಣೆಗೆ ಮಾತ್ರ ಒರಟು ಟೈಲ್ಸ್ ಹಾಕಿಸಿದ್ದರು. ಬಾಗಿಲಲ್ಲಿ ನೀಲಿ ಚಪ್ಪಲಿಗಳ ಸಾಲು ನೋಡಿದರೆ ನನಗೆ ಶಾಲೆಯ ಜಗಲಿ ನೆನಪಾಗುತ್ತದೆ.

ಅವತ್ತು ನಾನು ಅವಳ ಕಡೆ ನೋಡಲೇ ಇಲ್ಲ. ಉಮ್ಮನಿಗೆ ಅನ್ನ ಕಲಸಿ ಕೊಟ್ಟೆ. ಆಮೇಲೆ ಎಂದಿನಂತೆ ಎದ್ದು ಭಟ್ಟರ ಹತ್ತಿರ ಹೋಗಿ ಉಮ್ಮನ ಮಜ್ಜಿಗೆ ಲೋಟ ತಂದೆ. ಭಟ್ಟರು ಲೋಟ ತುಂಬಿಸುವುದೆಂದರೆ ಕಂಠಪೂರ್ತಿ, ಒಂದು ಹನಿಗೂ ಮತ್ತೆ ಜಾಗ ಇರುವುದಿಲ್ಲ. ಚೆಲ್ಲದೆ ತಂದು ಇಟ್ಟು ಕೂತೆ.

"ಟೀಚರ್," ಕೊನೆಯ ಮೇಜಿನಿಂದ ದನಿ ಬಂತು, "ನನಗೂ ಒಂದು ಲೋಟ ಮಜ್ಜಿಗೆ ತಂದುಕೊಡ್ತೀರಾ?"

ಸಿಟ್ಟು ಬಂದಾಗ ನಾನು ಎಳೆಯರಿಗೂ ಮರ್ಯಾದೆ ಕೊಡುತ್ತೇನೆ. "ನಿಮಗೂ ಕೈ ನಡುಗುತ್ತದಾ?" ಎಂದೆ. ಆದರೆ ಊಟಕ್ಕೆ ಕೂತವರು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಎದ್ದು ತಂದುಕೊಟ್ಟೆ. ಅವಳು ಕುಡಿಯಲಿಲ್ಲ. ಕಲಸಿದ ಅನ್ನ ಕೈಯಲ್ಲೇ ಇತ್ತು, ನನ್ನ ಕಾಲನ್ನೇ ನೋಡುತ್ತಿದ್ದಳು.

"ಉಪ್ಪಿನಕಾಯಿ ಒಂದು ಚೂರು?"

"ಎಂತ ಮಾರಾಯ್ತಿ, ನನ್ನನ್ನು ಬಡಿಸಲಿಕ್ಕೆ ಇಟ್ಟುಕೊಂಡಿದ್ದೀಯಾ?" ಎಂದು ಗೊಣಗುತ್ತ ಮತ್ತೆ ಹೋದೆ. ಉಪ್ಪಿನಕಾಯಿ ಹಿಡಿದು ಎರಡು ಮೇಜುಗಳ ನಡುವಿನ ಸಂದಿಯಲ್ಲಿ ತಿರುಗಿ ಬರುವಾಗ ಎಲ್ಲರೂ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಭಟ್ಟರು ಸೌಟು ಹಿಡಿದು ನಿಂತಿದ್ದರು. ಬಾಗಿಲಲ್ಲಿ ಮೇಡಂ ನಿಂತಿದ್ದರು. ನಾನು ಏನು ತಪ್ಪು ಮಾಡಿದೆ ಎಂದು ನನಗೆ ತಿಳಿಯಲಿಲ್ಲ.

ಹುಡುಗಿ ಕೈ ತೊಳೆದು ಬಂದು ಕೇಳಿದಳು, "ಅಮ್ಮ, ಇಲ್ಲಿ ನಿಮಗೆ ಗೋಡೆ ಬೇಡವಾ?"

"ಹಸಿವಾದಾಗ ಕಾಲು ಸರಿ ಬರ್ತದೆ," ಎಂದೆ. ನಾನು ಅದನ್ನೇ ನಂಬಿದ್ದೆ. ಊಟದ ಕೋಣೆಯಲ್ಲಿ ನಡಿಗೆ ಹಗುರ ಎನ್ನುವುದು ನನಗೂ ಅನಿಸಿತ್ತು, ಅದನ್ನು ಭಟ್ಟರ ಸಾರಿನ ಲೆಕ್ಕಕ್ಕೆ ಹಾಕಿದ್ದೆ.

ಅವಳು ನನ್ನನ್ನು ಮತ್ತೆ ಕಾರಿಡಾರಿಗೆ ಕರೆದುಕೊಂಡು ಹೋದಳು. ಹೋಗುವಾಗ ಅಭ್ಯಾಸದಿಂದ ಕಾಲು ನೀಲಿ ಚಪ್ಪಲಿಯೊಳಗೆ ಹೋಗುತ್ತಿತ್ತು, ಅವಳು ಬಗ್ಗಿ ಅದನ್ನು ತನ್ನ ಕೈಯಲ್ಲಿ ಎತ್ತಿಕೊಂಡಳು. ಹಿರಿಯರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಆ ಹುಡುಗಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. "ಈಗ ನಡೆಯಿರಿ," ಎಂದಳು. ನೆಲ ತಣ್ಣಗಿತ್ತು. ಕಾಲಿನ ಕೆಳಗೆ ಟೈಲ್ಸಿನ ಒಂದೊಂದು ಗೆರೆಯೂ ತಿಳಿಯುತ್ತಿತ್ತು. ಪಟ್ಟಿಯ ತನಕ ಹೋಗಿ, ತಿರುಗಿ, ಬಂದು ಕುರ್ಚಿಯಲ್ಲಿ ಕೂತೆ. ಆಮೇಲೆ ಚಪ್ಪಲಿ ಹಾಕಿಸಿ ಅದೇ ದಾರಿ ನಡೆಸಿದಳು. ಕಾಲು ಎಳೆಯಿತು, ಕೈ ಗೋಡೆಗೆ ಹೋಯಿತು. ಮತ್ತೆ ತೆಗೆಸಿದಳು. ಮತ್ತೆ ಶಾಲೆಯಲ್ಲಿ ನಡೆಯುತ್ತಿದ್ದಂತೆ ನಡೆದೆ.

"ದಿನಾ ಹಾಕುವ ಚಪ್ಪಲಿಯಲ್ಲೇ ನಡೆಸಿ ನೋಡಬೇಕು ಅಂತ ನಮಗೆ ಕಲಿಸಿದ್ದಾರೆ," ಎಂದಳು ಮೇಡಂಗೆ. "ಇದೇ ಇವರು ದಿನಾ ಹಾಕುವುದು ಅಂತ ನಾನು ತಿಳಿದೆ. ಇವರದ್ದು ಬರಿಗಾಲು. ನಮ್ಮ ಮನೆಯಲ್ಲಿಯೂ ಅಜ್ಜಿ ಒಳಗೆ ಚಪ್ಪಲಿ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. ಅದು ನನಗೆ ಬೆಳಿಗ್ಗೆ ಹೊಳೆಯಲೇ ಇಲ್ಲ ನೋಡಿ. ಬೆಳಿಗ್ಗೆ ಹೇಳಿದ್ದು ಸುಳ್ಳಲ್ಲ, ಆದರೆ ಸರಿಯೂ ಅಲ್ಲ. ನಾನು ಪರೀಕ್ಷೆ ಮಾಡಿದ್ದು ಇವರನ್ನಲ್ಲ, ಈ ರಬ್ಬರನ್ನು."

ಆಮೇಲೆ ಅವಳು ಸುಮ್ಮನೆ ಹೋಗಲಿಲ್ಲ. ಮೇಡಂಗೆ ಟೈಲ್ಸಿನ ಹೆದರಿಕೆ ಇದ್ದೇ ಇತ್ತು, ಅದು ನ್ಯಾಯವೇ. ಇಬ್ಬರೂ ಕೂತು ಮಾತಾಡಿದರು. ನನಗೆ ಬರಿಗಾಲು ಸರಿ, ಆದರೆ ಒದ್ದೆ ನೆಲಕ್ಕೆ ಕಾಲಿಡಬಾರದು, ಬಾತ್‌ರೂಮಿನಲ್ಲಿ ಕಂಬಿ ಹಿಡಿಯಲೇಬೇಕು ಎಂದು ತೀರ್ಮಾನವಾಯಿತು. ಇನ್ನೂ ಯಾರಿಗೆಲ್ಲ ಹೀಗಾಗಿರಬಹುದು ಎಂದು ಕೆಳಗಿನವರನ್ನೆಲ್ಲ ಮತ್ತೆ ನಡೆಸಿ ನೋಡಿದಳು. ಕೆಲವರಿಗೆ ಚಪ್ಪಲಿಯೇ ಒಳ್ಳೆಯದೆಂದು ಕಂಡಿತು, ಅವರಿಗೆ ಹಿಂದೆ ಪಟ್ಟಿ ಇರುವುದನ್ನು ತರಿಸಲು ಹೇಳಿದಳು. ಈಗಲೂ ನೆಲ ಒರೆಸುವ ಅಕ್ಕ ಬೆಳಿಗ್ಗೆ ಬಕೆಟ್ ಇಡುವ ಮೊದಲು ಕೂಗುತ್ತಾಳೆ, "ಟೀಚರ್, ಒದ್ದೆ ಉಂಟು, ಕಾಲು ಕೆಳಗೆ ಇಡಬೇಡಿ!" ನಾನು ಮಂಚದ ಮೇಲೆ ಕಾಲು ಮಡಿಸಿ ರಾಣಿಯಂತೆ ಕೂರುತ್ತೇನೆ.

ತಪ್ಪು ಯಾರಿಗೂ ಆಗುತ್ತದೆ. ಹೇಳಿ ಮುಗಿಸಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಎಲ್ಲರಿಂದ ಆಗುವುದಿಲ್ಲ. ಅವಳು ಊಟ ಮುಗಿಸಿ, ಕಂಡದ್ದನ್ನು ಕಾಣದಂತೆ ಸ್ಕೂಟರ್ ಹತ್ತಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಾನೂ ಕೇಳುತ್ತಿರಲಿಲ್ಲ, ಏಕೆಂದರೆ ನನ್ನ ಕಾಲು ಹೋಯಿತೆಂದು ಮೊದಲು ನಂಬಿದವಳು ನಾನೇ. ಎಷ್ಟೋ ಜನರ ಪುಣ್ಯ ಸೇರಿ ನಾನು ಇವತ್ತು ಕೆಳಗಿದ್ದೇನೆ. ಊಟದ ಕೋಣೆಗೆ ಒರಟು ಟೈಲ್ಸ್ ಹಾಕಿಸಿದ ಮೇಡಂ, ಹಟ ಬಿಡದ ಭಟ್ಟರು, ನಡುಗುವ ಕೈಯ ಉಮ್ಮ. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಆ ಮಜ್ಜಿಗೆ ಲೋಟ ನನ್ನ ಕೈಗೆ ಬರುತ್ತಿರಲಿಲ್ಲ.

ಸಂಜೆ ತಂಗಿಯ ಮಗಳು ಕಣ್ಣು ಕೆಂಪು ಮಾಡಿಕೊಂಡು ಮಣಿಪಾಲದಿಂದ ಬಂದಳು. ಒಪ್ಪಿಗೆ ಕೊಡಲು ಬಂದವಳನ್ನು ನಾನೇ ಬರಿಗಾಲಲ್ಲಿ ಬಾಗಿಲಿಗೆ ಹೋಗಿ ಎದುರುಗೊಂಡೆ. ಅವಳಿಗೆ ವಿಷಯ ತಿಳಿಸುವಷ್ಟರಲ್ಲಿ ಫಿಸಿಯೋ ಹುಡುಗಿ ಹೊರಟು ನಿಂತಳು.

ಬಂದವರನ್ನು ಗೇಟಿನ ತನಕ ಬಿಟ್ಟು ಬರುವುದು ನಮ್ಮ ಕ್ರಮ. ನಾನು ಅಂಗಳಕ್ಕೆ ಇಳಿದೆ. "ದೊಡ್ಡಮ್ಮ, ನಾನು ಬರ್ಲಾ ಜೊತೆಗೆ?" ಎಂದು ತಂಗಿಯ ಮಗಳು ಕೈ ಚಾಚಿದಳು. ಹುಡುಗಿ ಅವಳ ಕಡೆ ತಿರುಗಿ ಬೇಡ ಎನ್ನುವಂತೆ ಕಣ್ಣಲ್ಲೇ ಹೇಳಿದಳು. ಅಂಗಳದ ಜಲ್ಲಿ ಅಂಗಾಲಿಗೆ ಚುಚ್ಚುತ್ತಿತ್ತು. ಚುಚ್ಚಲಿ ಎಂದುಕೊಂಡೆ. ಅವಳು ಸ್ಕೂಟರನ್ನು ತಳ್ಳಿಕೊಂಡು ನನ್ನ ಪಕ್ಕದಲ್ಲೇ ಬಂದಳು, ನನ್ನ ತೋಳು ಮುಟ್ಟಲಿಲ್ಲ. ಗೇಟಿನಲ್ಲಿ ಅವಳ ತಲೆಯ ಮೇಲೆ ಕೈ ಇಟ್ಟೆ. "ಮುಂದಿನ ಸಲ ಬೇರೆ ಮೂರು ಪದ ತಾ," ಎಂದೆ.

ಸ್ಕೂಟರ್ ಕಾಪುವಿನ ಕಡೆ ತಿರುಗಿ ಕಾಣದಾದ ಮೇಲೆ ಹಿಂದೆ ನೋಡಿದೆ. ಮನೆ ದೂರ ಕಂಡಿತು. ಅಲ್ಲಿಂದ ಇಲ್ಲಿಗೆ ನಾನು ನಡೆದು ಬಂದಿದ್ದೆ, ಇಲ್ಲಿಂದ ಅಲ್ಲಿಗೆ ಒಬ್ಬಳೇ ಹೋಗಬೇಕಿತ್ತು. ಜಗಲಿಯಲ್ಲಿ ತಂಗಿಯ ಮಗಳು ಕಂಬ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಉಮ್ಮ, ಎದುರಿನ ಮೇಜಿನ ಮೇಲೆ ಚಾ ಲೋಟ.

"ಟೀಚರೇ," ಉಮ್ಮ ಕೂಗಿದರು, "ಚಾ ತಣಿಯುತ್ತಾ ಉಂಟು, ಯಾರು ಹಿಡಿಯುವುದು ಇದನ್ನು?"

"ಬಂದೆ ಮಾರಾಯ್ರೇ," ಎಂದು ನಾನು ಸ್ವಲ್ಪ ಬೇಗ ನಡೆದೆ.